ಮೊದಲು ಬಂದವರು, ಹಿಂದೆ ಉಳಿದವರು: ಕೈಗಾರಿಕೀಕರಣದ ಕಾರಣಗಳನ್ನು ಕುರಿತ ವಾಗ್ವಾದ

‘ಕೈಗಾರಿಕೆ’ ಎಂಬ ಕನ್ನಡ ಶಬ್ದದಲ್ಲಿ ಕೈ ಇದೆ. ಕೈಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ವ್ಯವಸ್ಥೆಗೆ ಕೈಯ ಹೆಸರೇ ಉಳಿದುಕೊಂಡಿರುವುದು ಭಾಷೆಯ ಸಣ್ಣದೊಂದು ವಿನೋದ. ಆದರೆ ಇಂಗ್ಲಿಷಿನ ‘ಇಂಡಸ್ಟ್ರಿ’ ಶಬ್ದದ ಚರಿತ್ರೆ ವಿನೋದಕ್ಕೆ ನಿಲ್ಲುವುದಿಲ್ಲ. ಲ್ಯಾಟಿನ್ ಮೂಲದ ಆ ಶಬ್ದಕ್ಕೆ ಮೊದಲಿದ್ದ ಅರ್ಥ ಶ್ರಮಶೀಲತೆ. ವ್ಯಕ್ತಿಯ ಗುಣವನ್ನು ಸೂಚಿಸುತ್ತಿದ್ದ ಪದ ಕಾಲಕ್ರಮದಲ್ಲಿ ಕಾರ್ಖಾನೆಗಳ ಸಮುದಾಯಕ್ಕೆ ಹೆಸರಾಯಿತು. ಹೀಗಾಗಿ ಒಂದು ದೇಶದಲ್ಲಿ ‘ಇಂಡಸ್ಟ್ರಿ’ ಇಲ್ಲವೆಂದಾಗ, ಅಲ್ಲಿ ಕಾರ್ಖಾನೆಗಳಿಲ್ಲವೆಂಬ ವರದಿಯ ಜೊತೆಗೆ ಅಲ್ಲಿಯ ಜನ ದುಡಿಮೆಗಾರರಲ್ಲವೆಂಬ ತೀರ್ಪೂ ಸದ್ದಿಲ್ಲದೆ ಸೇರಿಕೊಳ್ಳುತ್ತಿತ್ತು. ಕೆಲವು ದೇಶಗಳು ಮೊದಲು ಕೈಗಾರಿಕೀಕರಣಗೊಂಡುದಕ್ಕೂ ಉಳಿದವು ಹಿಂದುಳಿದುದಕ್ಕೂ ಕಾರಣವೇನು ಎಂಬ ಪ್ರಶ್ನೆ ಇಂದಿಗೂ ಈ ಬೆರಕೆಯಿಂದ ಪೂರ್ತಿಯಾಗಿ ಬಿಡುಗಡೆ ಪಡೆದಿಲ್ಲ.

ಪ್ರಶ್ನೆಯ ಎಲ್ಲೆಯನ್ನು ಮೊದಲು ಗುರುತಿಸಿಕೊಳ್ಳುವುದು ಅಗತ್ಯ. ‘ಔದ್ಯೋಗಿಕ ಕ್ರಾಂತಿ’ ಎಂಬ ಪರಿಕಲ್ಪನೆ ಚರಿತ್ರೆಯ ಬರವಣಿಗೆಯಲ್ಲಿ ನೆಲೆಗೊಂಡದ್ದು ಆರ್ನಾಲ್ಡ್ ಟಾಯ್ನ್‌ಬಿಯ ಉಪನ್ಯಾಸಗಳು 1884ರಲ್ಲಿ ಪ್ರಕಟವಾದ ಮೇಲೆ. ಸುಮಾರು 1760ರಿಂದ 1830ರವರೆಗಿನ ಅವಧಿಯಲ್ಲಿ ಬ್ರಿಟನ್ನಿನಲ್ಲಿ ನಡೆದ ಪರಿವರ್ತನೆಗೆ ಆ ಹೆಸರು ಸಂದಿತು. ಆದರೆ ಆ ಅವಧಿಯಲ್ಲಿ ಇಡೀ ಬ್ರಿಟನ್ ಕಾರ್ಖಾನೆಯಾಗಿರಲಿಲ್ಲ. ಬದಲಾದದ್ದು ಲ್ಯಾಂಕಶೈರ್, ಡರ್ಬಿಶೈರ್, ಶ್ರಾಪ್‌ಶೈರ್, ಸ್ಕಾಟ್ಲೆಂಡಿನ ಕ್ಲೈಡ್ ಕಣಿವೆಯಂತಹ ಕೆಲವೇ ಭಾಗಗಳು. ಇಂಗ್ಲೆಂಡಿನ ದಕ್ಷಿಣದ ಅನೇಕ ಜಿಲ್ಲೆಗಳು ತಮ್ಮ ಹಳೆಯ ಉಣ್ಣೆಯ ಕಸುಬನ್ನು ಇದೇ ಕಾಲದಲ್ಲಿ ಕಳೆದುಕೊಂಡವು. ‘ರಾಷ್ಟ್ರ’ವನ್ನು ಹೋಲಿಕೆಯ ಘಟಕವಾಗಿ ಹಿಡಿದ ಕೂಡಲೇ ಇಂತಹ ಒಳಭೇದಗಳು ಮರೆಯಾಗುತ್ತವೆ. ಇನ್ನೂ ಒಂದು ಮಾತಿದೆ. ಮೊದಲನೆಯವನು ಹೇಗೆ ಮೊದಲನೆಯವನಾದ ಎಂಬುದು ಒಂದು ಪ್ರಶ್ನೆ; ಯಂತ್ರ ಕಣ್ಣೆದುರಿಗೆ ಬಂದ ಮೇಲೂ ಉಳಿದವರು ಏಕೆ ತಡಮಾಡಿದರು ಎಂಬುದು ಮತ್ತೊಂದು. ಒಂದಕ್ಕೆ ದೊರೆತ ಉತ್ತರವನ್ನು ಇನ್ನೊಂದಕ್ಕೆ ತೊಡಿಸಿದ್ದರಿಂದಲೇ ಈ ವಾಗ್ವಾದದಲ್ಲಿ ಸಾಕಷ್ಟು ಗೊಂದಲ ಹುಟ್ಟಿದೆ.

ಜನಾಂಗದ ಸ್ವಭಾವ, ಮತಧರ್ಮ, ಸಂಸ್ಕೃತಿ ಇವುಗಳಲ್ಲಿ ಕಾರಣವನ್ನು ಹುಡುಕುವ ಪಂಥ ಹಳೆಯದು. ಮ್ಯಾಕ್ಸ್ ವೇಬರ್ 1904–05ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಾಟೆಸ್ಟೆಂಟ್ ಧರ್ಮನಿಷ್ಠೆಗೂ ಬಂಡವಾಳಶಾಹಿಯ ಮನೋಧರ್ಮಕ್ಕೂ ಇರುವ ನಂಟನ್ನು ವಿವರಿಸಿತು. ವೇಬರ್ ಬರೆದದ್ದು ಒಂದು ಮನೋಧರ್ಮದ ಹುಟ್ಟನ್ನು ಕುರಿತು, ಉಗಿಯಂತ್ರವನ್ನು ಕುರಿತಲ್ಲ; ಅವನ ಹೆಸರಿನಲ್ಲಿ ನಂತರ ನಡೆದ ಸರಳೀಕರಣಕ್ಕೆ ಅವನೊಬ್ಬನೇ ಹೊಣೆಯಲ್ಲ. ಆದರೂ ಆ ಸರಳೀಕರಣವನ್ನು ಕಾಲಾನುಕ್ರಮವೇ ಅಲ್ಲಗಳೆಯುತ್ತದೆ. ಬ್ರಿಟನ್ನಿನ ಬೆನ್ನಿಗೆ ಯುರೋಪಿನಲ್ಲಿ ಕೈಗಾರಿಕೀಕರಣಗೊಂಡ ದೇಶ ಕೆಥೊಲಿಕ್ ಬೆಲ್ಜಿಯಂ. ಅಲ್ಲಿ ಲಿಯೇಜಿನ ಬಳಿಯ ಸೆರಾಂಗಿನಲ್ಲಿ ಜಾನ್ ಕಾಕೆರಿಲ್ 1817ರಲ್ಲೇ ಯಂತ್ರನಿರ್ಮಾಣದ ಕಾರ್ಖಾನೆಯನ್ನು ತೆರೆದಿದ್ದ. ವ್ಯಾಪಾರ, ಬ್ಯಾಂಕು, ಹಡಗು ಎಲ್ಲದರಲ್ಲಿಯೂ ಮುಂದಿದ್ದ ಪ್ರಾಟೆಸ್ಟೆಂಟ್ ಹಾಲೆಂಡು ಈ ವಿಷಯದಲ್ಲಿ ಬಹಳ ಹಿಂದೆ ಉಳಿಯಿತು. ಏಷ್ಯದ ವಿಷಯದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯಕರ. ಚೀನಾ ಮತ್ತು ಕೊರಿಯಾ ಬಡವಾಗಿದ್ದಷ್ಟು ದಿನ ಅದಕ್ಕೆ ಕನ್‌ಫ್ಯೂಷಿಯಸನ ಬೋಧನೆಯೇ ಕಾರಣವೆನ್ನಲಾಗುತ್ತಿತ್ತು. ಪೂರ್ವ ಏಷ್ಯದ ದೇಶಗಳು ಸಂಪನ್ನವಾದ ಮೇಲೆ ಅದಕ್ಕೂ ಅದೇ ಬೋಧನೆ ಕಾರಣವಾಯಿತು. ಭಾರತದ ಮಂದಗತಿಗೆ ‘ಹಿಂದೂ ಬೆಳವಣಿಗೆಯ ದರ’ ಎಂಬ ಹೆಸರು 1978ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಕೃಷ್ಣ ಅವರಿಂದ ಬಂದಿತು. ಬೆಳವಣಿಗೆಯ ದರ ಮುಂದೆ ಏರಿದಾಗ ಜನರ ಧರ್ಮವೇನೂ ಬದಲಾಗಿರಲಿಲ್ಲ. ಫಲವನ್ನು ಕಂಡ ಮೇಲೆ ಬೀಜದ ಗುಣವನ್ನು ನಿರ್ಧರಿಸುವ ಇಂತಹ ವಾದಗಳಿಗೆ ಸೋಲೆಂಬುದಿಲ್ಲ. ಅದೇ ಅವುಗಳ ದೋಷ. ಸಂಸ್ಕೃತಿಗೆ ಯಾವ ಪಾತ್ರವೂ ಇಲ್ಲವೆಂದು ಇದರ ಅರ್ಥವಲ್ಲ. ಅದರ ಪಾತ್ರವನ್ನು ಇಂತಹ ಸ್ಥೂಲ ಲಕ್ಷಣಗಳಿಂದ ಅಳೆಯಲಾಗದು ಎಂಬುದಷ್ಟೇ ತಾತ್ಪರ್ಯ.

ಸ್ವಭಾವವನ್ನು ಬಿಟ್ಟು ಸನ್ನಿವೇಶದ ಕಡೆಗೆ ತಿರುಗಿದವರಲ್ಲಿ ಇ. ಎ. ರಿಗ್ಲಿ ಅವರ ವಾದ ಅತ್ಯಂತ ಸರಳವಾದುದು. ಕಲ್ಲಿದ್ದಲಿಗೆ ಮುಂಚಿನ ಎಲ್ಲ ಸಮಾಜಗಳೂ ನೆಲದ ಮೇಲಿನ ಬೆಳೆಯನ್ನೇ ನಂಬಿದ್ದವು. ಅನ್ನ, ಬಟ್ಟೆ, ಸೌದೆ, ಎತ್ತು ಕುದುರೆಗಳ ಮೇವು ಎಲ್ಲವೂ ಒಂದೇ ಭೂಮಿಗಾಗಿ ಪೈಪೋಟಿ ನಡೆಸುತ್ತಿದ್ದವು. ಕಬ್ಬಿಣ ಹೆಚ್ಚಬೇಕಾದರೆ ಕಾಡು ಹೆಚ್ಚಬೇಕು. ಕಾಡು ಹೆಚ್ಚಿದರೆ ಹೊಲ ಕುಗ್ಗಬೇಕು. ನೆಲದೊಳಗಿನ ಇಂಧನ ಈ ಬಿಕ್ಕಟ್ಟಿನಿಂದ ಹೊರಬರುವ ದಾರಿಯಾಯಿತು. 1800ರ ಸುಮಾರಿಗೆ ಬ್ರಿಟನ್ ವರ್ಷಕ್ಕೆ ತೆಗೆಯುತ್ತಿದ್ದ ಕಲ್ಲಿದ್ದಲಿನಷ್ಟು ಶಾಖವನ್ನು ಸೌದೆಯಿಂದಲೇ ಪಡೆಯಬೇಕಾಗಿದ್ದರೆ ಸುಮಾರು 1.5 ಕೋಟಿ ಎಕರೆ ಕಾಡು ಬೇಕಾಗುತ್ತಿತ್ತೆಂದು ರಿಗ್ಲಿ ಅಂದಾಜು ಮಾಡಿದರು. ಇಂಗ್ಲೆಂಡಿನ ಒಟ್ಟು ವಿಸ್ತೀರ್ಣವೇ ಸುಮಾರು 3.2 ಕೋಟಿ ಎಕರೆ ಎಂಬುದನ್ನು ನೆನೆದರೆ ಈ ಅಂಕಿಯ ತೂಕ ತಿಳಿಯುತ್ತದೆ. ಯಂತ್ರವೂ ಗಣಿಯಿಂದಲೇ ಬಂದಿತು. 1712ರ ನ್ಯೂಕಾಮೆನ್ ಯಂತ್ರವಿದ್ದುದು ಗಣಿಯ ನೀರನ್ನು ಎತ್ತಿ ಹಾಕಲು. ಅದು ಎಷ್ಟು ಇಂಧನವನ್ನು ನುಂಗುತ್ತಿತ್ತೆಂದರೆ, ಇದ್ದಲು ಪುಕ್ಕಟೆಯಾಗಿ ಬಿದ್ದಿರುವ ಗಣಿಯ ಬಾಯಿಯನ್ನು ಬಿಟ್ಟು ಬೇರೆಡೆ ಅದನ್ನು ನಡೆಸುವುದು ದಂಡದ ಮಾತಾಗಿತ್ತು.

ಕೆನೆತ್ ಪೊಮೆರಾನ್ಜ್ 2000ದಲ್ಲಿ ಪ್ರಕಟಿಸಿದ ‘ದ ಗ್ರೇಟ್ ಡೈವರ್ಜೆನ್ಸ್’ ಗ್ರಂಥ ಈ ವಾದವನ್ನು ಚೀನಾದ ಎದುರಿಗೆ ನಿಲ್ಲಿಸಿತು. ಇಂಗ್ಲೆಂಡನ್ನು ಇಡೀ ಚೀನಾದೊಂದಿಗೆ ಹೋಲಿಸದೆ ಯಾಂಗ್‌ತ್ಸೆ ನದಿಯ ಮುಖಜಭೂಮಿಯೊಂದಿಗೆ ಹೋಲಿಸಬೇಕೆಂಬುದು ಅವರ ಕ್ರಮ. ಹಾಗೆ ಹೋಲಿಸಿದಾಗ 18ನೆಯ ಶತಮಾನದ ನಡುವಿನವರೆಗೂ ಬದುಕಿನ ಮಟ್ಟದಲ್ಲಿ, ಮಾರುಕಟ್ಟೆಯ ಚಟುವಟಿಕೆಯಲ್ಲಿ ದೊಡ್ಡ ಅಂತರ ಕಾಣುವುದಿಲ್ಲ, ಅಂತರ ಬಂದದ್ದು ಹತ್ತಿರದಲ್ಲೇ ಸಿಕ್ಕ ಕಲ್ಲಿದ್ದಲಿನಿಂದ ಮತ್ತು ಅಮೆರಿಕದ ನೆಲದಿಂದ ಎಂದು ಅವರು ಪ್ರತಿಪಾದಿಸಿದರು. ನಂತರದ ಲೆಕ್ಕಾಚಾರಗಳು ಈ ಕವಲನ್ನು ಇನ್ನಷ್ಟು ಹಿಂದಕ್ಕೆ, 1700ರ ಆಸುಪಾಸಿಗೆ ಒಯ್ದಿವೆ. ಚೀನಾದಲ್ಲಿ ಕಲ್ಲಿದ್ದಲು ಇರಲಿಲ್ಲವೆಂದಲ್ಲ; 11ನೆಯ ಶತಮಾನದಲ್ಲೇ ಅಲ್ಲಿ ಕೋಕ್ ಬಳಸಿ ಕಬ್ಬಿಣ ಕರಗಿಸುತ್ತಿದ್ದರು. ಆದರೆ ಮುಖ್ಯ ನಿಕ್ಷೇಪಗಳು ಉತ್ತರದಲ್ಲಿದ್ದವು, ಕಸುಬಿನ ಕೇಂದ್ರಗಳು ದಕ್ಷಿಣದಲ್ಲಿದ್ದವು.

ಇಂಧನವಿಲ್ಲದ ನೆಲದಲ್ಲಿ ಕೈಗಾರಿಕೆ ಯಾವ ರೂಪ ತಾಳುತ್ತದೆ ಎಂಬುದಕ್ಕೆ ಕನ್ನಡನಾಡೇ ಒಳ್ಳೆಯ ನಿದರ್ಶನ. ಕೆಮ್ಮಣ್ಣುಗುಂಡಿಯಲ್ಲಿ ಉತ್ತಮ ಅದಿರಿದ್ದರೂ ಹತ್ತಿರದಲ್ಲೆಲ್ಲೂ ಕಲ್ಲಿದ್ದಲು ಇಲ್ಲದ ಕಾರಣ, 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣ ಕಾರ್ಖಾನೆ ಮಲೆನಾಡಿನ ಕಾಡಿನ ಇದ್ದಿಲನ್ನು ಉರಿಸಬೇಕಾಯಿತು. ಇಂಗ್ಲೆಂಡಿನ ಕೋಲ್‌ಬ್ರೂಕ್‌ಡೇಲಿನಲ್ಲಿ ಏಬ್ರಹಾಂ ಡಾರ್ಬಿ 1709ರಲ್ಲಿ ಬಿಟ್ಟುಬಂದ ಇಂಧನ ಅದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 90 ಮೈಲಿ ದೂರ ವಿದ್ಯುತ್ತನ್ನು ಹಾಯಿಸಿದ್ದನ್ನು ಮೈಸೂರಿನ ಪ್ರಗತಿಪರತೆಯ ಗುರುತಾಗಿ ಕೊಂಡಾಡುವುದು ವಾಡಿಕೆ. ಅದು ಸಲ್ಲತಕ್ಕ ಹೊಗಳಿಕೆಯೇ. ಆದರೆ ಬೇರೆ ಇಂಧನ ಸುಲಭವಾಗಿರಲಿಲ್ಲವೆಂಬ ಒತ್ತಡವೂ ಅದರ ಹಿಂದಿತ್ತು.

ಕಲ್ಲಿದ್ದಲಿನ ವಾದಕ್ಕೆ ಒಂದು ತೊಡಕಿದೆ. ಕ್ರಾಂತಿಯ ಮೊದಲ ಕಾರ್ಖಾನೆಗಳು ಹತ್ತಿಯವು, ಮತ್ತು ಅವು ನಡೆದದ್ದು ನೀರಿನ ಬಲದಿಂದ. ಆರ್ಕ್‌ರೈಟ್ 1771ರಲ್ಲಿ ಕ್ರಾಮ್‌ಫರ್ಡಿನಲ್ಲಿ ಕಟ್ಟಿದ ಗಿರಣಿಯನ್ನು ತಿರುಗಿಸಿದ್ದು ಹರಿಯುವ ನೀರು. ಹಾಗಾದರೆ ಹತ್ತಿಯೇ ಏಕೆ? ಇಂಗ್ಲೆಂಡು ಹತ್ತಿ ಬೆಳೆಯದ ನಾಡು, ಉಣ್ಣೆಯ ನಾಡು. ಇಲ್ಲಿ ಈ ಚರ್ಚೆ ಭಾರತಕ್ಕೆ ಬರುತ್ತದೆ, ಅದೂ ಹಿಂದುಳಿದವನಾಗಿಯಲ್ಲ, ಮುಂದಿದ್ದವನಾಗಿ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿ ತಂದ ಬಣ್ಣದ ಅರಿವೆ ಲಂಡನ್ನಿನ ಮನೆಮನೆಗಳನ್ನು ಹೊಕ್ಕಿತ್ತು. ತೊಳೆದರೂ ಮಾಸದ ಬಣ್ಣ, ಹಗುರವಾದ ನೇಯ್ಗೆ, ಕಡಿಮೆ ಬೆಲೆ ಇವುಗಳೆದುರು ಅಲ್ಲಿಯ ಉಣ್ಣೆ ರೇಷ್ಮೆಗಳು ಸೊರಗಿದವು. ಇಂಗ್ಲಿಷಿನ ‘ಕ್ಯಾಲಿಕೊ’ ಕಲ್ಲಿಕೋಟೆಯಿಂದ ಬಂದ ಶಬ್ದ. ‘ಡಂಗರಿ’ ಮುಂಬಯಿಯ ಡೋಂಗ್ರಿಯಿಂದ ಬಂದುದೆಂದು ನಿಘಂಟುಗಳು ಹೇಳುತ್ತವೆ. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಗಿಳಿದು, ಕ್ಯಾಲಿಕೊ ಉಟ್ಟ ಹೆಂಗಸರ ಉಡುಪನ್ನು ಹರಿದು ಹಾಕಿದರು. ಪಾರ್ಲಿಮೆಂಟು 1700ರ ಕಾನೂನಿನಿಂದ ಏಷ್ಯದ ಅಚ್ಚಿನ ಬಟ್ಟೆಯ ಆಮದನ್ನು ನಿಲ್ಲಿಸಿತ್ತು. 1721ರಲ್ಲಿ ಅಚ್ಚಿನ ಹತ್ತಿಬಟ್ಟೆಯನ್ನು ತೊಡುವುದನ್ನೇ, ಕೆಲವು ವಿನಾಯಿತಿಗಳೊಂದಿಗೆ, ನಿಷೇಧಿಸಿತು. 1688ರ ನಂತರದ ಬ್ರಿಟಿಷ್ ಪಾರ್ಲಿಮೆಂಟು ಆಸ್ತಿಯ ಹಕ್ಕನ್ನು ಭದ್ರಗೊಳಿಸಿ ಔದ್ಯೋಗಿಕ ಬೆಳವಣಿಗೆಗೆ ದಾರಿ ತೆರೆಯಿತೆಂದು ಡಗ್ಲಸ್ ನಾರ್ತ್ ಮೊದಲಾದವರು ವಾದಿಸಿದ್ದಾರೆ. ಅದೇ ಪಾರ್ಲಿಮೆಂಟು ಪ್ರಜೆಗಳು ಯಾವ ಬಟ್ಟೆ ಉಡಬೇಕೆಂಬುದನ್ನೂ ಶಾಸನದಿಂದ ಕಟ್ಟಿಹಾಕಿತೆಂಬುದು ಆ ವಾದದಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ.

ನಿಷೇಧದ ನೆರಳಿನಲ್ಲಿ ಲ್ಯಾಂಕಶೈರಿನ ಕಸುಬು ಬೆಳೆಯಿತು. ಆದರೆ ಅಲ್ಲಿ ಕೈಯಿಂದ ನೂತ ಹತ್ತಿಯ ನೂಲಿಗೆ ಹಾಸಿನ ಎಳೆಯಾಗುವಷ್ಟು ಗಟ್ಟಿತನ ಇರಲಿಲ್ಲ. ಹಾಸಿಗೆ ನಾರಿನ ನೂಲು, ಹೊಕ್ಕಿಗೆ ಹತ್ತಿಯ ನೂಲು ಹಾಕಿ ಬೆರಕೆ ಬಟ್ಟೆಯನ್ನು ನೇಯುತ್ತಿದ್ದರು. ಭಾರತದ ನೂಲುವ ಹೆಣ್ಣುಮಕ್ಕಳ ಬೆರಳಿಗೆ ಸಾಧ್ಯವಾಗಿದ್ದುದು ಅಲ್ಲಿ ಸಾಧ್ಯವಾಗಲಿಲ್ಲ. ಹಾರ್‌ಗ್ರೀವ್ಸನ ಜೆನ್ನಿ ನೂಲಿನ ಪ್ರಮಾಣವನ್ನು ಹೆಚ್ಚಿಸಿತು; 1769ರಲ್ಲಿ ಪೇಟೆಂಟ್ ಪಡೆದ ಆರ್ಕ್‌ರೈಟನ ಯಂತ್ರ ಹಾಸಿಗೆ ತಕ್ಕ ಗಟ್ಟಿ ನೂಲನ್ನು ಕೊಟ್ಟಿತು; 1779ರ ಕ್ರಾಂಪ್ಟನನ ಯಂತ್ರ ನವಿರಾದ ನೂಲನ್ನು ಕೊಟ್ಟಿತು, ಅದಕ್ಕೆ ‘ಮಸ್ಲಿನ್ ಚಕ್ರ’ವೆಂಬ ಹೆಸರೂ ಇದ್ದಿತು. ಪ್ರಸನ್ನನ್ ಪಾರ್ಥಸಾರಥಿ ಅವರು 2011ರ ತಮ್ಮ ಗ್ರಂಥದಲ್ಲಿ ಈ ಯಂತ್ರಗಳನ್ನೆಲ್ಲ ಭಾರತದ ಬಟ್ಟೆಯನ್ನು ಸರಿಗಟ್ಟುವ ಪ್ರಯತ್ನಗಳೆಂದೇ ಓದುತ್ತಾರೆ. ಅವರ ದೃಷ್ಟಿಯಲ್ಲಿ ಬ್ರಿಟನ್ನಿಗೆ ಎರಡು ಒತ್ತಡಗಳಿದ್ದವು: ಭಾರತದ ಅರಿವೆಯ ಪೈಪೋಟಿ ಮತ್ತು ಸೌದೆಯ ಅಭಾವ. ಭಾರತಕ್ಕೆ ಆ ಎರಡೂ ಇರಲಿಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದ ಬಟ್ಟೆಯನ್ನು ಬೇರೊಂದು ರೀತಿಯಲ್ಲಿ ಮಾಡಲು ನೇಕಾರನಿಗೆ ಕಾರಣವೇ ಇರಲಿಲ್ಲ. ಈ ಓದಿನಲ್ಲಿ ಹಿಂದುಳಿದದ್ದು ಸೋಲಿನಿಂದಲ್ಲ, ಗೆಲುವಿನಿಂದ. ಆಕರ್ಷಕವಾದ ವಾದ, ಯಂತ್ರಗಳ ಕಾಲಕ್ರಮವೂ ಬಹುಮಟ್ಟಿಗೆ ಇದಕ್ಕೆ ಒಪ್ಪುತ್ತದೆ.

ಹತ್ತಿ ಎಲ್ಲಿಂದ ಬಂದಿತೆಂಬುದನ್ನೂ ಮರೆಯುವಂತಿಲ್ಲ. 1793ರಲ್ಲಿ ಎಲಿ ವಿಟ್ನಿ ಹತ್ತಿ ಬಿಡಿಸುವ ಯಂತ್ರವನ್ನು ರೂಪಿಸಿದ ಮೇಲೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರ ದುಡಿಮೆಯಿಂದ ಬೆಳೆದ ಹತ್ತಿ ಲ್ಯಾಂಕಶೈರಿಗೆ ಆಧಾರವಾಯಿತು. ಗುಲಾಮರ ವ್ಯಾಪಾರದ ಲಾಭವೇ ಬ್ರಿಟನ್ನಿನ ಕೈಗಾರಿಕೆಗೆ ಬಂಡವಾಳವಾಯಿತೆಂದು ಎರಿಕ್ ವಿಲಿಯಮ್ಸ್ 1944ರಲ್ಲಿ ಹೇಳಿದ ಮಾತು ಲಾಭದ ಗಾತ್ರವನ್ನು ಕುರಿತ ದೀರ್ಘ ಜಗಳಕ್ಕೆ ಎಡೆಕೊಟ್ಟಿತು. ಬಂಡವಾಳದ ಲೆಕ್ಕ ಹೇಗೇ ಇರಲಿ, ಕಚ್ಚಾವಸ್ತುವಿನ ಲೆಕ್ಕದಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಅತ್ಯಂತ ಬಿಸಿಯಾಗಿರುವ ವಿವಾದ ಕೂಲಿಯನ್ನು ಕುರಿತದ್ದು. ರಾಬರ್ಟ್ ಅಲೆನ್ 2009ರಲ್ಲಿ ಮಂಡಿಸಿದ ವಾದ ಹೀಗಿದೆ: ಬ್ರಿಟನ್ನಿನಲ್ಲಿ ಕೂಲಿ ದುಬಾರಿ, ಇಂಧನ ಅಗ್ಗ, ಆದ್ದರಿಂದ ಮನುಷ್ಯರನ್ನು ಉಳಿಸಿ ಇದ್ದಲನ್ನು ಸುಡುವ ಯಂತ್ರ ಅಲ್ಲಿ ಮಾತ್ರ ಲಾಭದಾಯಕ. ಜೆನ್ನಿಯನ್ನು ಕೊಂಡವನಿಗೆ ಬಂಡವಾಳದ ಮೇಲೆ ದೊರೆಯುವ ಪ್ರತಿಫಲ ಬ್ರಿಟನ್ನಿನಲ್ಲಿ ಸುಮಾರು ಶೇಕಡಾ 38, ಫ್ರಾನ್ಸಿನಲ್ಲಿ ಕೇವಲ 2.5, ಭಾರತದಲ್ಲಿ ನಷ್ಟವೇ ಎಂದು ಅವರು ಲೆಕ್ಕ ತೋರಿಸಿದರು. ಈ ವಾದದ ಒಂದು ಗುಣವೆಂದರೆ ಅದು ಯಾರನ್ನೂ ದಡ್ಡರೆನ್ನುವುದಿಲ್ಲ. ಯಂತ್ರವನ್ನು ಕೊಂಡ ಲ್ಯಾಂಕಶೈರಿನವನೂ ಕೊಳ್ಳದ ಭಾರತೀಯನೂ ಸಮಾನವಾಗಿ ಲೆಕ್ಕ ಬಲ್ಲವರು. ಆದರೆ ಕಟ್ಟಡ ನಿಂತಿರುವುದು ಕೂಲಿಯ ಅಂಕಿಗಳ ಮೇಲೆ. 2018ರಲ್ಲಿ ಜುಡಿ ಸ್ಟೀಫನ್ಸನ್ ಲಂಡನ್ನಿನ ಕಟ್ಟಡ ಕೆಲಸಗಾರರ ದಾಖಲೆಗಳನ್ನು ಮರಳಿ ಪರಿಶೀಲಿಸಿ, ಕೂಲಿಯೆಂದು ತಿಳಿಯಲಾಗಿದ್ದ ಮೊತ್ತಗಳು ಗುತ್ತಿಗೆದಾರರು ಮಾಲೀಕರಿಗೆ ಹಾಕಿದ ಬಿಲ್ಲುಗಳೆಂದು ತೋರಿಸಿದರು. ನಡುವಿನವರ ಪಾಲನ್ನು ಕಳೆದರೆ ಕೆಲಸಗಾರನ ಕೈಗೆ ಸೇರುತ್ತಿದ್ದುದು ಶೇಕಡಾ 20ರಿಂದ 30ರಷ್ಟು ಕಡಿಮೆ. ಮುಂದಿನ ವರ್ಷ ಜೇನ್ ಹಂಫ್ರೀಸ್ ಮತ್ತು ಬೆಂಜಮಿನ್ ಷ್ನೈಡರ್ ನೂಲುವ ಹೆಂಗಸರ ಗಳಿಕೆ ಅಲೆನ್ ತಿಳಿದಷ್ಟಿರಲಿಲ್ಲವೆಂದು ವಾದಿಸಿದರು; ಅಲೆನ್ ಅದಕ್ಕೆ ಉತ್ತರವನ್ನೂ ಕೊಟ್ಟರು. ಗುತ್ತಿಗೆದಾರನ ಪಾಲನ್ನು ಮರೆತು ಕೂಲಿಯನ್ನು ಎಣಿಸಿದ ತಪ್ಪನ್ನು ಭಾರತದ ಯಾವುದೇ ಕಟ್ಟಡದ ಕೆಲಸಗಾರ ಚಿಟಿಕೆ ಹೊಡೆಯುವುದರಲ್ಲಿ ಕಂಡುಹಿಡಿಯುತ್ತಿದ್ದ.

ಈ ಕೂಲಿಯ ಜಗಳ ಮೈಸೂರಿನ ಬಾಗಿಲಿಗೂ ಬಂದಿದೆ. ದಕ್ಷಿಣ ಭಾರತದ ನೇಕಾರನ ಗಳಿಕೆಯಿಂದ ಕೊಳ್ಳಬಹುದಾಗಿದ್ದ ಧಾನ್ಯ ಬ್ರಿಟಿಷ್ ನೇಕಾರನದಕ್ಕೆ ಕಡಿಮೆಯಿರಲಿಲ್ಲವೆಂದು ಪಾರ್ಥಸಾರಥಿ 1998ರಲ್ಲಿ ಹೇಳಿದ್ದರು. ಸ್ಟೀಫನ್ ಬ್ರಾಡ್‌ಬೆರಿ ಮತ್ತು ಬಿಷ್ಣುಪ್ರಿಯಾ ಗುಪ್ತಾ 2006ರಲ್ಲಿ ಇದನ್ನು ಒಪ್ಪದೆ, ಬೆಳ್ಳಿಯಲ್ಲಿ ಅಳೆದರೆ ಭಾರತದ ಕೂಲಿ ಬಹಳ ಕೆಳಗಿತ್ತೆಂದರು. ಧಾನ್ಯ ಅಗ್ಗವಾಗಿದ್ದಲ್ಲಿ ಎರಡೂ ಹೇಳಿಕೆಗಳು ಏಕಕಾಲಕ್ಕೆ ನಿಜವಾಗಿರಬಹುದು. ಊಟದ ಮಟ್ಟಕ್ಕೆ ಧಾನ್ಯದ ಅಳತೆ ಬೇಕು, ಪರದೇಶದ ಪೈಪೋಟಿಗೆ ಬೆಳ್ಳಿಯ ಅಳತೆ ಬೇಕು. ಇಂತಹ ಲೆಕ್ಕಕ್ಕೆ ಒದಗಿಬಂದ ಆಕರಗಳಲ್ಲಿ ಫ್ರಾನ್ಸಿಸ್ ಬುಕನನ್ನನ ಪ್ರವಾಸಕಥನವೂ ಒಂದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ವೆಲ್ಲೆಸ್ಲಿಯ ಆಜ್ಞೆಯಂತೆ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಈ ಸ್ಕಾಟಿಷ್ ವೈದ್ಯ, ನೇಕಾರರ ಗಳಿಕೆ, ದವಸದ ಬೆಲೆ, ಕಬ್ಬಿಣ ಕರಗಿಸುವವರ ಕುಲುಮೆ ಎಲ್ಲವನ್ನೂ ಬರೆದಿಟ್ಟ. ಗೆದ್ದ ಸೀಮೆಯ ಆಸ್ತಿಪಟ್ಟಿಯಾಗಿ ಸಿದ್ಧವಾದ ಬರಹ 2009ರಲ್ಲಿ ಮೈಸೂರಿನ ಜೀವನಮಟ್ಟವನ್ನು ಅಳೆಯುವ ಸಂಶೋಧನೆಗೆ ಸಾಮಗ್ರಿಯಾಯಿತು. ಕನ್ನಡ ಜಿಲ್ಲೆಗಳ ಸಾಮಾಜಿಕ ಚರಿತ್ರೆಗೆ ಬಹುಕಾಲದಿಂದ ಬಳಕೆಯಲ್ಲಿರುವ ಈ ಗ್ರಂಥಕ್ಕೆ ಜಾಗತಿಕ ವಾದದಲ್ಲಿ ಇಂತಹ ಸ್ಥಾನ ದೊರೆತಿರುವುದು ಕನ್ನಡ ಓದುಗರಲ್ಲಿ ಹೆಚ್ಚು ಪ್ರಚಾರ ಪಡೆದಿಲ್ಲ.

ಜ್ಞಾನವೇ ಮೂಲಕಾರಣವೆನ್ನುವ ಜೋಯಲ್ ಮೊಕೀರ್ ಅವರಿಗೆ 2025ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು. ಕುಶಲಕರ್ಮಿಯ ಕೈಯರಿವು, ವಿದ್ವಾಂಸನ ಶಾಸ್ತ್ರದರಿವು ಇವೆರಡೂ ಒಂದನ್ನೊಂದು ತಿದ್ದುವ ಸಂಪರ್ಕಕ್ಕೆ ಬಂದುದೇ ಯುರೋಪಿನ ವಿಶೇಷವೆಂಬುದು ಅವರ ನಿಲುವು. ಯಂತ್ರ ಒಮ್ಮೆ ಹುಟ್ಟಿ ನಿಂತುಹೋಗದೆ, ಮತ್ತೆ ಮತ್ತೆ ಸುಧಾರಿಸುತ್ತ ಹೋದದ್ದಕ್ಕೆ ಇದಕ್ಕಿಂತ ಉತ್ತಮ ವಿವರಣೆ ಇನ್ನೂ ಬಂದಿಲ್ಲ. ಆರಂಭಕ್ಕೆ ಇದು ಅಷ್ಟು ಹೊಂದುವುದಿಲ್ಲ. ಜೆನ್ನಿಯನ್ನು ಮಾಡಲು ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ.

ಇನ್ನು ಹಿಂಬಾಲಿಸಿದವರ ಪ್ರಶ್ನೆ. ಬ್ರಿಟನ್ ತನ್ನ ಯಂತ್ರಗಳ ರಫ್ತನ್ನು 1843ರವರೆಗೂ, ಕುಶಲಕರ್ಮಿಗಳ ವಲಸೆಯನ್ನು 1824ರವರೆಗೂ ಕಾನೂನಿನಿಂದ ತಡೆದಿತ್ತು. ಗಿರಣಿಯ ವಿನ್ಯಾಸವನ್ನು ನೆನಪಿನಲ್ಲೇ ಹೊತ್ತು 1789ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ ಸ್ಯಾಮ್ಯುಯೆಲ್ ಸ್ಲೇಟರ್ ಆ ತಡೆಯನ್ನು ದಾಟಿದವರಲ್ಲೊಬ್ಬ. ಎಳೆಯ ಕೈಗಾರಿಕೆಗೆ ರಕ್ಷಣೆ ಬೇಕೆಂದು ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ವಾದಿಸಿದ. ಆ ವಾದವನ್ನು ಭಾರತಕ್ಕೆ ಅನ್ವಯಿಸಿದವರು ಮಹಾದೇವ ಗೋವಿಂದ ರಾನಡೆ. 1892ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಉಪನ್ಯಾಸದಲ್ಲಿ ಅವರು ಒಂದು ದೇಶಕ್ಕೆ ಹೊಂದಿದ ಅರ್ಥಶಾಸ್ತ್ರದ ಸೂತ್ರ ಎಲ್ಲ ದೇಶಗಳಿಗೂ ಹೊಂದುವುದೆಂಬ ನಂಬಿಕೆಯನ್ನೇ ಪ್ರಶ್ನಿಸಿದರು. ತಡವಾಗಿ ಹೊರಟ ದೇಶ ಮೊದಲನೆಯವನ ಹೆಜ್ಜೆಯನ್ನೇ ತುಳಿಯುವುದಿಲ್ಲ, ಬ್ಯಾಂಕು ಮತ್ತು ಸರ್ಕಾರ ಅಲ್ಲಿ ಹಿರಿದಾದ ಪಾತ್ರ ವಹಿಸುತ್ತವೆ ಎಂಬ ಸಿದ್ಧಾಂತವನ್ನು ಗೆರ್ಶೆನ್‌ಕ್ರಾನ್ ರೂಪಿಸಿದ್ದು ಇದಾದ ಎಷ್ಟೋ ದಶಕಗಳ ಮೇಲೆ. ಭಾರತದ ಸರ್ಕಾರ ಭಾರತದ್ದಾಗಿರಲಿಲ್ಲ. 1896ರಲ್ಲಿ ಆಮದು ಬಟ್ಟೆಯ ಮೇಲೆ ಶೇಕಡಾ 3.5 ಸುಂಕ ಹಾಕಿದಾಗ, ಲ್ಯಾಂಕಶೈರಿಗೆ ಅನ್ಯಾಯವಾಗಬಾರದೆಂದು ಭಾರತದ ಗಿರಣಿ ಬಟ್ಟೆಯ ಮೇಲೂ ಅಷ್ಟೇ ತೆರಿಗೆಯನ್ನು ಹೇರಲಾಯಿತು. ಅದು ರದ್ದಾಗಲು 1926 ಬರಬೇಕಾಯಿತು.

ಇಷ್ಟಾದರೂ ಮುಂಬಯಿಯಲ್ಲಿ 1850ರ ದಶಕದಿಂದ ಗಿರಣಿಗಳು ಎದ್ದವು. 1880ರ ದಶಕದಲ್ಲಿ ಘಟಪ್ರಭೆಯ ನೀರಿನ ಬಲದಿಂದ ಗೋಕಾಕದಲ್ಲಿಯೂ ಗಿರಣಿ ತಿರುಗಿತು. ಯಂತ್ರ ಒಂದೇ, ಕೂಲಿ ಅಗ್ಗ. ಆದರೂ ಈ ಗಿರಣಿಗಳು ಲ್ಯಾಂಕಶೈರನ್ನು ಮಾರುಕಟ್ಟೆಯಿಂದ ಏಕೆ ಬೇಗ ಹೊರದೂಡಲಿಲ್ಲ? 1987ರಲ್ಲಿ ಗ್ರೆಗರಿ ಕ್ಲಾರ್ಕ್ ಕೊಟ್ಟ ಉತ್ತರ ಕೆಲಸಗಾರರ ಮೇಲೆ ಬೆರಳು ಮಾಡಿತು. 1910ರ ಸುಮಾರಿಗೆ ನ್ಯೂ ಇಂಗ್ಲೆಂಡಿನ ಒಬ್ಬ ಗಿರಣಿ ಕೆಲಸಗಾರ ಮಾಡುತ್ತಿದ್ದ ಕೆಲಸಕ್ಕೆ ಗ್ರೀಸ್, ಜಪಾನ್, ಭಾರತ ಅಥವಾ ಚೀನಾದಲ್ಲಿ ಹೆಚ್ಚುಕಡಿಮೆ ಆರು ಮಂದಿ ಬೇಕಾಗುತ್ತಿದ್ದರು. ವ್ಯತ್ಯಾಸ ಯಂತ್ರದಲ್ಲಿಲ್ಲ, ಬಂಡವಾಳದಲ್ಲಿಲ್ಲ, ಆಯಾ ಊರಿನ ದುಡಿಮೆಯ ಪದ್ಧತಿಯಲ್ಲೇ ಇದೆ ಎಂಬುದು ಅವರ ನಿಗಮನ. ‘ಇಂಡಸ್ಟ್ರಿ’ ಶಬ್ದದ ಹಳೆಯ ಅರ್ಥ ಅಂಕಿಗಳ ಉಡುಪಿನಲ್ಲಿ ಮರಳಿ ಬಂದಂತೆ ಇದು ತೋರುತ್ತದೆ.

ಆದರೆ ಅದೇ ಸಾಲಿನಲ್ಲಿ ಭಾರತದ ಪಕ್ಕದಲ್ಲಿ ಜಪಾನೂ ಇತ್ತು. 1933ರಲ್ಲಿ ಜಪಾನ್ ಹತ್ತಿಬಟ್ಟೆಯ ರಫ್ತಿನಲ್ಲಿ ಬ್ರಿಟನ್ನನ್ನೇ ಹಿಂದಿಕ್ಕಿತು. ಇಪ್ಪತ್ತಮೂರು ವರ್ಷಗಳಲ್ಲಿ ಒಂದು ಜನಾಂಗದ ಸ್ವಭಾವ ಬದಲಾಗದು. ಬದಲಾದದ್ದು ಒಬ್ಬರು ನೋಡಿಕೊಳ್ಳುವ ಯಂತ್ರಗಳ ಸಂಖ್ಯೆ. ಮುಂಬಯಿಯಲ್ಲಿಯೂ ಆ ಸಂಖ್ಯೆಯನ್ನು ಏರಿಸಲು ಮಾಲೀಕರು ಹೊರಟರು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ನಡೆದ ಸಾರ್ವತ್ರಿಕ ಮುಷ್ಕರದಲ್ಲಿ ಗಿರಣಿ ಕಾಮಗಾರರು ಅದನ್ನು ಎದುರಿಸಿದರು. ಸೂಸನ್ ವುಲ್ಕಾಟ್ 1994ರಲ್ಲಿ ಈ ಎರಡು ದೇಶಗಳನ್ನು ಹೋಲಿಸಿ ಗಮನಿಸಿದ ಸಂಗತಿ ಇಲ್ಲಿ ಮುಖ್ಯ. ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಬಹುಪಾಲು ಹಳ್ಳಿಗಳಿಂದ ಬಂದ ಹರೆಯದ ಹೆಣ್ಣುಮಕ್ಕಳು. ಕೆಲವು ವರ್ಷ ದುಡಿದು ಊರಿಗೆ ಮರಳುವವರು. ಇಬ್ಬರ ಕೆಲಸವನ್ನು ಒಬ್ಬಳಿಗೆ ವಹಿಸಿದರೆ, ಮನೆಗೆ ಹೋದವಳ ಸ್ಥಾನ ತುಂಬದೆ ಉಳಿಯುತ್ತಿತ್ತು, ಅಷ್ಟೆ. ಮುಂಬಯಿಯ ಗಿರಣಿಯಲ್ಲಿದ್ದವನು ಬಾಳಿನುದ್ದಕ್ಕೂ ಆ ಮಗ್ಗವನ್ನೇ ನಂಬಿದ್ದ ಸಂಸಾರವಂದಿಗ. ಅವನು ಇನ್ನೊಂದು ಮಗ್ಗವನ್ನು ಒಪ್ಪಿಕೊಂಡರೆ ಬೀದಿಗೆ ಬೀಳುತ್ತಿದ್ದವನು ಅದೇ ಚಾಳಿನ, ಅದೇ ಊರಿನ ಮತ್ತೊಬ್ಬ.